ತಿಪ್ಪೆಗೆ ಥರ್ಮಾಮೀಟರ್ ಇಟ್ಟ ಚಿಕ್ಕಪ್ಪ

ಬೆಂಕಿಗೆ ಜಗ್ಗದ ವಸ್ತುವನ್ನು ತಯಾರಿಸಲು ಸಂಬಳ ಕೊಟ್ಟು ಇಟ್ಟುಕೊಂಡಿದ್ದು, ಬೆಂಕಿಪೊಟ್ಟಣ ಅಲುಗಾಡಿದರೂ ಬೆಚ್ಚುವ ಮನುಷ್ಯನನ್ನು! ನಮ್ಮ ಚಿಕ್ಕಪ್ಪನನ್ನು ಆ ಕೆಲಸಕ್ಕೆ ಆರಿಸಿದವರು ತಮಾಷೆಯ ಸ್ವಭಾವದವರೇ ಇರಬೇಕು.

ಎಪ್ಪತ್ತರ ದಶಕದಲ್ಲಿ ಚಿಕ್ಕಪ್ಪ ಗಂಗಾನಗರದ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಒಂದು ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. ವಿಮಾನದ ಎಂಜಿನ್ನಿನ ಪಕ್ಕದಲ್ಲಿಟ್ಟರೂ ಕರಗದ ಪ್ಲಾಸ್ಟಿಕ್ಕನ್ನು ಅಲ್ಲಿ ಮಾಡಬೇಕಿತ್ತು. ಅಂಟಿನಂಥ ರಾಳವನ್ನು ಕುಲುಮೆಯಲ್ಲಿಟ್ಟು ಕಾಯಿಸುವುದು, ನಡುನಡುವೆ ಚಿಟಿಕೆಯಷ್ಟು ತೆಗೆದು ಐಸಿಗೆ ಹಾಕಿ ಅಲ್ಲಿಗೇ ತಡೆದು, ಅದು ಎಷ್ಟು ಬೇಗ ಗಟ್ಟಿಯಾಗುತ್ತಿದೆ ಎಂದು ಅಳೆಯುವುದು ಅವರ ಕೆಲಸ. ಇದರಲ್ಲಿ ಹೆದರುವುದಕ್ಕೆ ಏನಿದೆ? ಹಾಗೆ ಕೇಳಿದರೆ ಪಾಠ ಶುರು. ಗಟ್ಟಿಯಾಗುವಾಗ ರಾಳ ತಾನೇ ಶಾಖ ಹುಟ್ಟಿಸುತ್ತದೆ. ಶಾಖ ಹೆಚ್ಚಿದಷ್ಟೂ ವೇಗ, ವೇಗ ಹೆಚ್ಚಿದಷ್ಟೂ ಶಾಖ. ತೆಳ್ಳಗೆ ಹರಡಿದ್ದರೆ ಶಾಖ ಹೊರಗೆ ಹೋಗುತ್ತದೆ. ಮುದ್ದೆಯಾಗಿದ್ದರೆ ದಾರಿ ಸಿಗದೆ ನಡುಮಧ್ಯೆ ಕೂತು ಕುದಿಯುತ್ತದೆ. ಒಮ್ಮೆ ಯಾರೋ ಅವಸರಕ್ಕೆ ಡಬ್ಬಿ ತುಂಬ ಕಾಯಿಸಲು ಹೋಗಿ, ಡಬ್ಬಿ ಛಾವಣಿಗೆ ಹಾರಿತ್ತಂತೆ. ಕಣ್ಣಾರೆ ಕಂಡಿದ್ದರೋ, ಕೇಳಿದ್ದರೋ. ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದರು. ನಾನೂ ಈಗ ಅದನ್ನೇ ಮಾಡುತ್ತಿರಬಹುದು.

"ಹೊರಗೆ ಮುಟ್ಟಿ ನೋಡಿ ನಂಬ್ಬೇಡ ಕಣೇ. ಒಳಗೇನ್ ನಡೀತಿದೆ ಅಂತ ಮೇಲ್ಗಡೆಗೆ ಗೊತ್ತಿರಲ್ಲ" ಎನ್ನುತ್ತಿದ್ದರು.

ಈ ಭಯ ಸೈಕಲ್ ಹತ್ತಿ ಮನೆಗೂ ಬಂತು. ಕುಕ್ಕರ್ ಕೂಗುವವರೆಗೆ ಚಿಕ್ಕಪ್ಪ ಗೇಟಿನ ಆಚೆ. ರಾಗಿಮುದ್ದೆಯ ಮೇಲಂತೂ ನಂಬಿಕೆಯೇ ಇರಲಿಲ್ಲ. ಅದನ್ನು ತಟ್ಟೆಯ ಅಂಚಿನವರೆಗೂ ಗಿಲಾವಿನಂತೆ ಬಳಿದು, ಅದರ ಬಿಸಿಯೆಲ್ಲ ಹೋಯಿತೆಂದು ಖಾತ್ರಿಯಾದ ಮೇಲೆ ಕೆರೆದುಕೊಂಡು ತಿನ್ನುತ್ತಿದ್ದರು!

ಪಕ್ಕದ ಖಾಲಿ ಸೈಟಿನಲ್ಲಿ, ಬಡಾವಣೆ ಹುಟ್ಟುವ ಮೊದಲಿನಿಂದಲೂ ಅಲ್ಲಿದ್ದ ಗೌಡರ ತಿಪ್ಪೆಯಿತ್ತು. ಚಳಿಯ ಬೆಳಿಗ್ಗೆ ಅದರಿಂದ ಹಬೆ ಏಳುವುದನ್ನು ಚಿಕ್ಕಪ್ಪ ಕಂಡರು. ಲ್ಯಾಬಿನ ಉದ್ದನೆಯ ಥರ್ಮಾಮೀಟರನ್ನು ಅದರ ಹೊಟ್ಟೆಗೆ ಚುಚ್ಚಿ, ವಾಚು ನೋಡುತ್ತ ನಿಂತರು. ಗೌಡರು ಎಮ್ಮೆ ಹಿಡಿದುಕೊಂಡು ಬಂದರು.

"ಏನ್ ಸ್ವಾಮಿ, ತಿಪ್ಪೆಗೂ ಜರ ಬಂದೈತಾ?"

"ಒಳಗೆ ವಿಪರೀತ ಕಾಯ್ತಿದೆ ಗೌಡ್ರೇ. ಹರಡಿಬಿಡಿ."

"ಅರಡಾಕೆ ನಿಮ್ಮನೆ ಅಂಗಳ ಐತಲ್ಲ, ಅಲ್ಲಿಗೇ ತಂದಾಕ್ಲಾ?"

ನಾವೆಲ್ಲ ವರ್ಷಗಟ್ಟಲೆ ನಕ್ಕೆವು. ನನ್ನ ನಗು ನಿಂತದ್ದು ಎಂಬತ್ತರ ದಶಕದಲ್ಲಿ, ಬಾಣಂತನಕ್ಕೆ ತವರಿಗೆ ಬಂದಾಗ.

ಬಾಣಂತನ ಅಜ್ಜಿಯದು, ಅಂದರೆ ಚಿಕ್ಕಪ್ಪನ ತಾಯಿಯದು. ಕಿಟಕಿ ಭದ್ರ, ಮಂಚದ ಕೆಳಗೆ ಕೆಂಡದ ಕುಂಡ, ಕೋಣೆ ತುಂಬ ಸಾಂಬ್ರಾಣಿ ಹೊಗೆ. ಮಗುವಿಗೆ ಕುಲಾವಿ, ಸ್ವೆಟರು, ಶಾಲು, ಅದರ ಮೇಲೆ ಇನ್ನೊಂದು ಶಾಲು. ಆಗ ಬೇಸಿಗೆಯೇ? ನನ್ನ ನೆನಪಿನಲ್ಲಿ ಬೇಸಿಗೆ. ಆ ಹೊದಿಕೆಗಳ ಒಳಗೆ ಯಾವ ಕಾಲವಾದರೂ ಬೇಸಿಗೆಯೇ. ಒಂದು ಮಧ್ಯಾಹ್ನ ಮಗು ಹಾಲು ಕುಡಿಯುವುದನ್ನು ಬಿಟ್ಟಿತು. ಮುಖ ಕೆಂಪಗೆ, ಅಳು ಕೂಡ ಇಲ್ಲ. ಅಜ್ಜಿ ಮಗುವಿನ ಪಾದ ಮುಟ್ಟಿ, ತಣ್ಣಗಿದೆ, ಶೀತ ಎಂದು ಕಂಬಳಿ ಹೊದಿಸಿದರು. ಚಿಕ್ಕಪ್ಪನನ್ನು ಕೂಗಿದೆ.

ಗಂಡಸರು ಬರುವ ಕೋಣೆಯಲ್ಲ ಅದು. ಹೊಸ್ತಿಲಲ್ಲಿ ನಿಂತವರು ಮೊದಲು ನೋಡಿದ್ದು ಕೆಂಡವನ್ನು. ಮುಖ ಬಿಳುಚಿತು. ಆಮೇಲೆ ಮಗುವಿದ್ದ ಆ ಗಂಟನ್ನು ನೋಡಿದರು, ಒಳಗೆ ಬಂದರು.

"ಅಮ್ಮಾ, ಶಾಖ ಹೊರಗೆ ಹೋಗಕ್ಕೆ ದಾರೀನೇ ಇಲ್ಲ."

"ನನ್ನ ಮರಿಮಗೂನ ತಿಪ್ಪೆ ಅಂದ್ಕೊಂಡ್ಯೇನೋ?"

"ಹೂಂ, ಹಾಗೇ ಅಂದ್ಕೋ. ಕೈ ಬಿಡು."

ಕಿಟಕಿ ತೆರೆದು, ಪದರ ಪದರವಾಗಿ ಬಿಚ್ಚಿ, ಮಗುವನ್ನು ಚಾಪೆಯ ಮೇಲೆ ಬರಿಮೈಯಲ್ಲಿ ಮಲಗಿಸಿದರು. ಅದರ ಎದೆಯ ಮೇಲೆ, ತಾಗಿಯೂ ತಾಗದ ಹಾಗೆ, ಅಂಗೈ ಹಿಡಿದರು. ಆ ದಿನ ಅವರ ಕೈ ನಡುಗಲಿಲ್ಲ ಎಂದು ಬರೆದರೆ ಎಷ್ಟು ಚೆನ್ನಾಗಿರುತ್ತದೆ! ಆದರೆ ನಡುಗಿತು. ಬೀಸಣಿಗೆಯ ಹಾಗೆ ನಡುಗಿತು. ಆ ಪುಟ್ಟ ಗಾಳಿಗೆ ಮಗುವಿನ ಹಣೆಯ ಕೂದಲು ಅಲುಗಾಡುವುದನ್ನು ನಾನು ನೋಡುತ್ತ ಕೂತೆ. ಬಹಳ ಹೊತ್ತಿನ ಮೇಲೆ ಮಗು ಮುಖ ಕಿವುಚಿ ಜೋರಾಗಿ ಅತ್ತಿತು. ನಾನು ಎತ್ತಿಕೊಂಡು ಎದೆಗೆ ಹಾಕಿಕೊಂಡೆ. ಚಿಕ್ಕಪ್ಪ ಗೋಡೆಯ ಕಡೆ ತಿರುಗಿ ಕೂತರು. ಬರಿದಾದ ಚಾಪೆಯ ಮೇಲೆ ಅವರ ಕೈ ಇನ್ನೂ ಗಾಳಿ ಹಾಕುತ್ತಿತ್ತು.