ಬೋರಮಾಳದ ಪತ್ತೇದಾರಿ

ಒಂದೇ ಒಂದು ಕಳ್ಳತನ ತನ್ನ ಕೈಗೆ ಸಿಗಲಿ, ಇಪ್ಪತ್ನಾಲ್ಕು ತಾಸಿನೊಳಗೆ ಕಳ್ಳನ ಕೊರಳಪಟ್ಟಿ ಹಿಡಿದು ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸದಿದ್ದರೆ ತನ್ನ ಹೆಸರು ಸಿದ್ದಲಿಂಗೇಶನೇ ಅಲ್ಲ! ಕಂಡಕ್ಟರ್ ಸಿದ್ದಲಿಂಗೇಶ ಈ ಪ್ರತಿಜ್ಞೆ ಮಾಡಿ ಇಪ್ಪತ್ತಾರು ವರ್ಷವಾಗಿತ್ತು. ಊರಿನ ಪುಣ್ಯವೋ ಅವನ ಪಾಪವೋ, ಅಷ್ಟು ವರ್ಷದಲ್ಲಿ ಅವನು ಹಿಡಿದದ್ದು ಟಿಕೆಟ್ ತೆಗೆಸದೆ ಕೂತವರನ್ನು ಮಾತ್ರ.

ಹಾಗೆಂದು ತಯಾರಿಯಲ್ಲಿ ಕೊರತೆ ಇರಲಿಲ್ಲ. ಪೇಪರಿನಲ್ಲಿ ಕೊಲೆ, ದರೋಡೆ, ಸುಲಿಗೆ ಎಂದು ಕಂಡದ್ದನ್ನೆಲ್ಲ ಕತ್ತರಿಸಿ, ಡಿಪೋದವರು ರದ್ದಿಗೆ ಹಾಕಿದ ದಪ್ಪ ಪುಸ್ತಕಗಳಲ್ಲಿ ಗಂಜಿ ಹಚ್ಚಿ ಅಂಟಿಸಿಟ್ಟಿದ್ದ. ಅಂಥ ಹನ್ನೊಂದು ಪುಸ್ತಕ ದೇವರ ಜಗಲಿಯ ಕೆಳಗಿನ ಟ್ರಂಕಿನಲ್ಲಿದ್ದವು. "ಮ್ಯಾಲ ದೇವರು, ಕೆಳಗ ಹೆಣ. ಎಂಥಾ ಮನೀರಿ ಇದು!" ಎಂದು ಅವನ ಹೆಂಡತಿ ಪುಷ್ಪಲತಾ ದಿನಾ ದೀಪ ಹಚ್ಚುವಾಗ ಗೊಣಗುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಊಟಕ್ಕೆ ಕೂತಾಗ ಆ ತುಣುಕುಗಳನ್ನು ಅವಳಿಗೇ ಓದಿ ಹೇಳುತ್ತಿದ್ದ. ಕಳ್ಳ ಮೊದಲು ತೆಗೆಯುವುದು ಟ್ರಂಕು. ಆದ್ದರಿಂದ ಬಂಗಾರವನ್ನು ಟ್ರಂಕಿನಲ್ಲಿ ಇಡಬಾರದು, ಇಟ್ಟ ಜಾಗವನ್ನು ಕಟ್ಟಿಕೊಂಡ ಗಂಡನಿಗೂ ಹೇಳಬಾರದು ಎಂಬುದನ್ನು ಅವಳಿಗೆ ಕಲಿಸಿದವನೂ ಅವನೇ. ಎಲ್ಲಕ್ಕಿಂತ ಮೇಲಾಗಿ ಅವನದೊಂದು ಸೂತ್ರವಿತ್ತು: "ಕಳ್ಳ ಎಷ್ಟ ಶಾಣ್ಯಾ ಇರಲಿ, ಒಂದ ತಪ್ಪ ಮಾಡೇ ಮಾಡತಾನ."

ಈ ವಿದ್ಯೆಯಲ್ಲಿ ಅವನಿಗೆ ಒಬ್ಬ ಗುರು ಇದ್ದ. ರಾಣೆಬೆನ್ನೂರಿನ ಹವಾಲ್ದಾರ ಇಸಾಕಸಾಬ. ಕೋರ್ಟಿನ ಕೆಲಸಕ್ಕೆಂದು ವಾರಕ್ಕೆರಡು ಸಲ ಸಿದ್ದಲಿಂಗೇಶನ ಬಸ್ಸಿನಲ್ಲೇ ಹಾವೇರಿಗೆ ಹೋಗುವವನು. ಒಂದು ಕಪ್ ಚಹವನ್ನೂ ಪುಕ್ಕಟೆ ಕುಡಿಯದ ಖಡಕ್ ಮನುಷ್ಯ ಎಂದು ಜಿಲ್ಲೆಯಲ್ಲೆಲ್ಲ ಹೆಸರಾಗಿದ್ದ. ಅವನು ದಾರಿಯುದ್ದಕ್ಕೂ ಹಳೇ ಕೇಸುಗಳ ಕಥೆ ಹೇಳುತ್ತಿದ್ದರೆ ಸಿದ್ದಲಿಂಗೇಶ ಮೋಟೆಬೆನ್ನೂರಿನಲ್ಲಿ ಇಳಿಯುವವರಿಗೆ ಸೀಟಿ ಊದುವುದನ್ನೇ ಮರೆಯುತ್ತಿದ್ದ. ಎರಡು ಸಾವಿರದ ಐದನೆಯ ಇಸವಿಯ ಆ ಮಾರ್ಚ್ ತಿಂಗಳಲ್ಲಿ ಇಸಾಕಸಾಬ ಐರಣಿ ಹೊಳೆದಂಡೆಯ ದೊಡ್ಡ ಕಳ್ಳತನದ ಕಥೆ ಎತ್ತಿಕೊಂಡಿದ್ದ. ಕಳ್ಳ ಯಾರು ಎಂದು ಹೇಳುವ ಹೊತ್ತಿಗೆ ಸರಿಯಾಗಿ ಹಾವೇರಿ ಬಂದುಬಿಟ್ಟಿತು. ಇಳಿಯುವಾಗ ಅವನು, "ನಮ್ಮ ಬಿಸ್ಮಿಲ್ಲಾಬಿ ಬ್ಯಾಡಗಿ ಖಾರ ಬೇಕಂತಾಳ. ಚೊಲೋದು ಎಲ್ಲಿ ಸಿಗತೈತ್ರಿ?" ಎಂದು ಕೇಳಿದ.

"ನಮ್ಮ ಮನೀದs ತರತೇನಿ ಬಿಡ್ರಿ. ಮನೀ ಖಾರಕ್ಕ ರೊಕ್ಕದ ಮಾತ ಆಡಬ್ಯಾಡ್ರಿ" ಎಂದ ಸಿದ್ದಲಿಂಗೇಶ. ಖಾರ ಮುಟ್ಟಿದರೆ ಕಳ್ಳನ ಹೆಸರು ಸಿಗುತ್ತದೆ ಎಂಬುದು ಅವನ ಲೆಕ್ಕಾಚಾರ. ಮುಂದಿನ ಬುಧವಾರ ನಸುಕಿನ ಬಸ್ಸಿಗೆ ಹೋಗುವಾಗ, ಹೆಂಡತಿ ಮುಂಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳೆಂದು, ಹಿತ್ತಿಲ ಬಾಗಿಲಿನಿಂದಲೇ ಒಂದು ಚೀಲ ಖಾರದ ಪುಡಿ ದಾಟಿಸಿ ಗುರುದಕ್ಷಿಣೆ ಸಲ್ಲಿಸಿಯೂ ಬಿಟ್ಟ. ಆದರೆ ಅವತ್ತು ಬಸ್ಸು ಎಷ್ಟು ತುಂಬಿತ್ತೆಂದರೆ ಇಸಾಕಸಾಬ ಹಿಂದಿನ ಸೀಟಿನಲ್ಲೇ ಉಳಿದ. ಕಳ್ಳನ ಹೆಸರು ಮತ್ತೆ ಬಾಕಿಯಾಯಿತು.

ಅದೇ ಬುಧವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಮನೆಗೆ ಬಂದರೆ, ಪುಷ್ಪಲತಾ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿದ್ದಳು. ಬಲಗೈಯನ್ನು ಮಜ್ಜಿಗೆಯ ಬೋಗುಣಿಯಲ್ಲಿ ಅದ್ದಿಕೊಂಡಿದ್ದಳು. ಕಣ್ಣಲ್ಲಿ ನೀರು.

"ರೀ, ನನ್ನ ಬೋರಮಾಳ ಇಲ್ರೀ!"

ಆ ಬಂಗಾರದ ಗುಂಡಿನ ಸರ ಅವಳ ತವರಿನದು. ಕುಪ್ಪೇಲೂರಿನ ಅವಳ ತಾಯಿ ಸಾಯುವ ಮುಂಚೆ ತನ್ನ ಕೊರಳಿನಿಂದ ತೆಗೆದು ಮಗಳ ಕೊರಳಿಗೆ ಹಾಕಿದ್ದು. ರವಿವಾರ ರಾಣೆಬೆನ್ನೂರಿನಲ್ಲಿ ಅಣ್ಣನ ಮಗಳ ಮದುವೆ. ಅವ್ವನ ಸರವಿಲ್ಲದೆ ತವರಿನವರ ಮುಂದೆ ನಿಲ್ಲುವುದು ಹೇಗೆ?

ಹೆಂಡತಿಯ ಕಣ್ಣೀರು ಕಂಡು ಸಿದ್ದಲಿಂಗೇಶನಿಗೆ ಸಂಕಟವಾಯಿತು. ಸುಳ್ಳು ಯಾಕೆ, ಸಂಕಟದ ಹಿಂದೆಯೇ ಒಂದು ಪುಳಕವೂ ಆಯಿತು. ಇಪ್ಪತ್ತಾರು ವರ್ಷ ಕಾದ ಕೇಸು, ತಾನಾಗಿ ಮನೆ ಬಾಗಿಲಿಗೆ ಬಂದಿತ್ತು! ಟಿಕೆಟ್ ಚೀಲ ಗೂಟಕ್ಕೆ ಹಾಕಿ, ಹೊಸ ನೋಟ್‌ಬುಕ್ಕು ತೆಗೆದು ಗಂಭೀರವಾಗಿ ಕೇಳಿದ:

"ಎಲ್ಲಿಟ್ಟಿದ್ದಿ?"

"ಇಟ್ಟಲ್ಲೇ ಇಟ್ಟಿದ್ದೆ."

"ಅದs ಎಲ್ಲಿ ಅಂತ?"

"ಅದನ್ನ ಹೇಳಾಂಗಿಲ್ಲ. ಬಂಗಾರ ಇಟ್ಟ ಜಾಗ ಗಂಡಗೂ ಹೇಳಬಾರದು ಅಂತ ನೀವs ಓದಿ ಹೇಳೀರಿ. ನಾಳೆ ಸಿಕ್ರ ಮತ್ತ ಅಲ್ಲೇ ಇಡಬೇಕಲ್ಲ?"

ಕಳುವಾದ ಜಾಗವೇ ಗೊತ್ತಿಲ್ಲದೆ ಕಳುವು ಹಿಡಿಯುವ ಪ್ರಸಂಗ ಆ ಹನ್ನೊಂದು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಆದರೂ ಸಿದ್ದಲಿಂಗೇಶ ಎದೆಗುಂದಲಿಲ್ಲ. ಕಂಡದ್ದನ್ನೆಲ್ಲ ಬರೆದುಕೊಳ್ಳಬೇಕೆಂಬುದು ನಿಯಮ. ಬರೆದುಕೊಂಡ: 'ಹೆಂಡತಿಯ ಕೈ ಮಜ್ಜಿಗೆಯಲ್ಲಿದೆ.' ಒಂದು ಕ್ಷಣ ಯೋಚಿಸಿ ಮುಂದೆ ಸೇರಿಸಿದ: 'ಪ್ರಕರಣಕ್ಕೆ ಸಂಬಂಧವಿಲ್ಲ.'

ಆಮೇಲೆ ಮೊಣಕಾಲೂರಿ ಮನೆಯ ನೆಲವನ್ನೆಲ್ಲ ಮೂಸಿ ನೋಡುತ್ತ ಹೋದ. ಹಿತ್ತಿಲ ಬಾಗಿಲ ಹಿಂದೆ, ಕಸಬರಿಗೆ ಮುಟ್ಟದ ಮೂಲೆಯಲ್ಲಿ, ಅವನ ಕಣ್ಣು ಅರಳಿತು. ಕೆಂಪಗೆ ಖಾರದ ಪುಡಿ! ಗೆರೆ ಎಳೆದಂತೆ ಹೊಸ್ತಿಲು ದಾಟಿ ಹೊರಗೆ ಹೋಗಿತ್ತು.

"ಪುಷ್ಪಾ, ಸುಳಿವು ಸಿಕ್ತು! ಪೊಲೀಸ ನಾಯಿಗೆ ವಾಸನಿ ಹತ್ತಬಾರದಂತ ಕಳ್ಳ ಖಾರ ಚೆಲ್ಲಿ ಹೋಗ್ಯಾನ. ಇವಾ ಭಾರೀ ತಯಾರಾದ ಕಳ್ಳ."

"ಇದು ಬ್ಯಾಡಗಿರೀ" ಎಂದಳು ಪುಷ್ಪಲತಾ ದಣಿದ ದನಿಯಲ್ಲಿ. "ಈ ಊರಾಗ ಖಾರ ಬೀಳದ ಹೊಸ್ತಿಲಾ ಯಾವದೈತಿ?"

ಮಾತು ನೂರಕ್ಕೆ ನೂರು ನಿಜವಾಗಿತ್ತು. ಆದರೆ ಪತ್ತೇದಾರನಿಗೆ ಒಮ್ಮೆ ಸುಳಿವು ಸಿಕ್ಕಿತೆಂದರೆ ಮುಗಿಯಿತು, ಅದನ್ನು ಬ್ರಹ್ಮ ಬಂದರೂ ಕಸಿದುಕೊಳ್ಳಲಾರ. ಹಿತ್ತಿಲ ಬಾಗಿಲಿನಿಂದ ಬಂದುಹೋಗುವವರು ಯಾರು? ಒಬ್ಬಳೇ. ಫಕ್ಕೀರವ್ವ.

ಫಕ್ಕೀರವ್ವ ಆ ಹೊತ್ತಿನಲ್ಲೂ ಹಿತ್ತಿಲಲ್ಲೇ ಇದ್ದಳು. ವರ್ಷದ ಖಾರಕ್ಕೆಂದು ಒಣಹಾಕಿದ ಮೆಣಸಿನಕಾಯಿಯ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಹದಿನೇಳು ವರ್ಷದಿಂದ ಪ್ರತಿ ಬೇಸಿಗೆಯಲ್ಲಿ ಈ ಕೆಲಸಕ್ಕೆ ಬರುತ್ತಿದ್ದವಳು. ಸಿದ್ದಲಿಂಗೇಶ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಪುಸ್ತಕದಲ್ಲಿ ಓದಿದಂತೆ, ಸುತ್ತಿ ಬಳಸಿ ಶುರು ಮಾಡಿದ.

"ಏನ್ ಫಕ್ಕೀರವ್ವ, ಮುಂಜಾನೆ ಒಳಗ ಬಂದಿದ್ದೇನು?"

"ನೀರ ಕುಡ್ಯಾಕ ಬಂದಿದ್ದೆರಿ."

"ಬರೇ ನೀರಿಗೇನು?"

ಅವಳ ಕೈ ನಿಂತಿತು. ಮುಖ ಎತ್ತಿ ಅವನನ್ನು ನೋಡಿದಳು. ಅವಳಿಗೆ ಅರ್ಥವಾಗಿ ಹೋಗಿತ್ತು. ಮೆಲ್ಲಗೆ ಎದ್ದು ನಿಂತು, ಸೊಂಟಕ್ಕೆ ಸಿಕ್ಕಿಸಿದ್ದ ಸೀರೆಯ ಉಡಿ ಬಿಚ್ಚಿ, ಅವನ ಕಾಲಮುಂದೆ ಎರಡು ಸಲ ಝಾಡಿಸಿದಳು. ಒಣ ತೊಟ್ಟುಗಳು ಉದುರಿದವು. ಬೇರೇನೂ ಬೀಳಲಿಲ್ಲ.

"ನೋಡಿದ್ರೇನ್ರಿ ಸಾಹೇಬ್ರ? ಮೆಣಸಿನಕಾಯಿ ಗೋದಾಮಿನ್ಯಾಗ ದಿನಾ ಸಂಜೀಕ ಹಿಂಗ ಉಡಿ ಝಾಡಿಸಿನs ಹೊರಗ ಬರಬೇಕ್ರಿ. ಈ ಮನ್ಯಾಗ ಹದಿನೇಳ ವರ್ಷದಾಗ ಒಮ್ಮಿನೂ ಝಾಡಿಸಿದ್ದಿಲ್ಲ. ಅಕ್ಕಾರು ಕೇಳಿದ್ದಿಲ್ಲ. ಅದಕ್ಕ ಇಲ್ಲಿಗೆ ಬರತಿದ್ದೆ."

ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಬಾಗಿಲಲ್ಲಿ ನಿಂತಿದ್ದ ಪುಷ್ಪಲತಾ "ಫಕ್ಕೀರವ್ವಾ" ಎಂದು ಕರೆದದ್ದಕ್ಕೂ ತಿರುಗಿ ನೋಡಲಿಲ್ಲ.

ನೋಟ್‌ಬುಕ್ಕು ಹಿಡಿದು ಸಿದ್ದಲಿಂಗೇಶ ಅಲ್ಲೇ ಕೂತಿದ್ದ. ಏನು ಬರೆಯಬೇಕೆಂದು ತಿಳಿಯಲಿಲ್ಲ. ಅಪರಾಧಿಯ ಮುಖದಲ್ಲಿ ಏನೇನು ಕಾಣುತ್ತದೆ ಎಂದು ಓದಿಕೊಂಡಿದ್ದನೇ ಹೊರತು ನಿರಪರಾಧಿಯ ಮುಖ ಹೇಗಿರುತ್ತದೆ ಎಂದು ಯಾವ ತುಣುಕೂ ಅವನಿಗೆ ಹೇಳಿರಲಿಲ್ಲ. ತಪ್ಪು ಮಾಡಿದೆನೇನೋ ಎಂದು ಮನಸ್ಸು ಚುಚ್ಚಿತು. ಅದನ್ನು ಒಪ್ಪಿಕೊಳ್ಳಲು ಪತ್ತೇದಾರ ಬಿಡಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಪುಷ್ಪಲತಾ ಅವನೆದುರು ಬಂದು ಕೂತಳು. ಮಜ್ಜಿಗೆಯ ಬೋಗುಣಿಯನ್ನೂ ತಂದು ಕೈ ಮತ್ತೆ ಅದ್ದಿಕೊಂಡಳು.

"ಒಂದ ಮಾತ ಕೇಳ್ತೇನಿ, ಖರೇ ಹೇಳ್ರಿ. ನನ್ನ ಕೈ ಯಾಕ ಉರಿಯಾಕತ್ತೈತಿ?"

"ನಂಗೇನ ಗೊತ್ತು?"

"ಬೋರಮಾಳ ನಾ ಖಾರದ ಬರಣ್ಯಾಗ ಇಟ್ಟಿದ್ದೆ. ಅರಿವೀ ಗಂಟ ಕಟ್ಟಿ, ತಳಕ್ಕ. ಮಧ್ಯಾಹ್ನ ಮೊಣಕೈತನಾ ಕೈ ಹಾಕಿ ಹುಡುಕಿದೆ. ಬರಣಿ ತುಂಬಿತ್ತು, ಗಂಟಿಲ್ಲ. ಆದ್ರ ಒಂದ ನೋಡ್ರಿ. ಅದು ನಮ್ಮ ಬ್ಯಾಡಗಿ ಕಾಯಿದು, ನಾ ನಿಂತು ಕುಟ್ಟಿಸಿದ ಖಾರ. ಅದರಾಗ ಕೈ ಹಾಕಿದ್ರ ಕೈ ಕೆಂಪ ಆಗತೈತಿ, ಉರಿಯಂಗಿಲ್ಲ. ಇವತ್ತ ಕೈ ಉರಿಯಾಕತ್ತೈತಿ, ಕೆಂಪ ಆಗಿಲ್ಲ."

ಸಿದ್ದಲಿಂಗೇಶ ನೋಟ್‌ಬುಕ್ಕು ಮುಚ್ಚಿ ಪಕ್ಕಕ್ಕಿಟ್ಟ.

"ಅಂದ್ರ ಬರಣಿ ಬರಿದು ಮಾಡಿ, ಮ್ಯಾಲಿನ ಹಲಿಗಿ ಮ್ಯಾಲಿನ ಡಬ್ಬ್ಯಾಗಿನ ಗುಂಟೂರ ಬೆರಕಿ ಖಾರ ಯಾರೋ ಇದರಾಗ ತುಂಬ್ಯಾರ. ಕಳ್ಳ ಕದ್ದು ಹೋಗತಾನ, ಹೊಳ್ಳಿ ಬರಣಿ ತುಂಬಿ ಇಡ್ತಾನೇನ್ರಿ? ಹೇಣತಿಗೆ ಗೊತ್ತಾಗಬಾರದು ಅನ್ನಾವ ಅಷ್ಟs ತುಂಬಿ ಇಡ್ತಾನ. ಆ ಹಲಿಗಿ ನನಗs ನಿಲುಕಂಗಿಲ್ಲ. ಗಿಡ್ಡ ಫಕ್ಕೀರವ್ವಗ ನಿಲುಕೀತೇನು?"

ಆ ಮನೆಯಲ್ಲಿ ಹಲಗೆ ನಿಲುಕುವವನು ಒಬ್ಬನೇ ಇದ್ದ. ಅವನು ಬಾಯಿಬಿಟ್ಟ. ಐರಣಿ ಕೇಸು, ಬಿಸ್ಮಿಲ್ಲಾಬಿಯ ಆಸೆ, ನಸುಕಿನ ಅರೆಗತ್ತಲಲ್ಲಿ ಬರಣಿಯನ್ನು ಚೀಲಕ್ಕೆ ಬೋರಲು ಹಾಕಿದ್ದು, ಬರಿದಾದ ಬರಣಿ ಕಂಡರೆ ಬೈಗುಳ ತಪ್ಪದೆಂದು ಡಬ್ಬಿಯ ಖಾರ ತುಂಬಿದ್ದು. ಚೀಲಕ್ಕೆ ಸಣ್ಣ ತೂತಿತ್ತೆಂಬುದು ಹೇಳುವಾಗಲಷ್ಟೇ ಅವನಿಗೇ ಹೊಳೆಯಿತು.

ಪುಷ್ಪಲತಾ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬೋರಮಾಳ ಹೋದ್ರ ಹೋಗಲಿ. ಆ ಹೆಣ್ಣಮಗಳು ಉಡಿ ಝಾಡಿಸಿದ್ಲಲ್ರೀ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮರುದಿನ ಮೊದಲ ಬಸ್ಸಿಗೇ ರಾಣೆಬೆನ್ನೂರಿಗೆ ಓಡಬೇಕೆಂದು ಅವನು ರಜೆ ಹಾಕಿ ಹೊರಡುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಖಾಕಿ ಧರಿಸಿದ ಇಸಾಕಸಾಬ! ಹಿಂದೆ ಓಣಿಯ ಮಂದಿಯೆಲ್ಲ ನೆರೆದಿದ್ದರು. ಒಂದು ದಿನ ಪೊಲೀಸರು ಸಲಹೆ ಕೇಳಲು ತನ್ನ ಮನೆಗೆ ಬರುತ್ತಾರೆ ಎಂದು ಸಿದ್ದಲಿಂಗೇಶ ಕನಸು ಕಂಡದ್ದುಂಟು. ಬಂದಿದ್ದರು.

"ಏನೋ ಕಂಡಕ್ಟರ್!" ಇಸಾಕಸಾಬನ ಮೀಸೆ ಅದುರುತ್ತಿತ್ತು. ನಿನ್ನೆಯವರೆಗಿನ 'ರಿ' ಎಲ್ಲ ಮಾಯವಾಗಿತ್ತು. "ಇಪ್ಪತ್ತೊಂಬತ್ತ ವರ್ಷದ ಸರ್ವಿಸಿನ್ಯಾಗ ಒಂದ ಕಪ್ ಚಾ ಪುಕ್ಕಟ ಕುಡದಿಲ್ಲ ನಾ. ಖಾರದಾಗ ಬಂಗಾರ ಮುಚ್ಚಿಟ್ಟ ನನಗ ಲಂಚ ಕಳಸ್ತೀಯಾ? ಯಾವ ಗುನ್ನೆ ಮುಚ್ಚಾಕ ಕೊಟ್ಟಿ? ಖರೇ ಹೇಳು!"

ಕೆಂಪು ಮೆತ್ತಿದ ಅರಿವೆಯ ಗಂಟನ್ನು ಅವನು ಮುಂದೆ ಹಿಡಿದ. ಬಿಸ್ಮಿಲ್ಲಾಬಿ ಸಾರಿಗೆ ಖಾರ ಹಾಕಲು ಹೋದರೆ ಚಮಚಕ್ಕೆ ತಾಕಿತಂತೆ. ಪುಷ್ಪಲತಾ ಓಡಿಬಂದು ಗಂಟು ಬಿಚ್ಚಿದಳು. ಅವ್ವನ ಬೋರಮಾಳ ಖಾರ ಹೊಕ್ಕು ಇನ್ನಷ್ಟು ಕೆಂಪಗೆ ಹೊಳೆಯುತ್ತಿತ್ತು. ಅದನ್ನು ಕಣ್ಣಿಗೊತ್ತಿಕೊಂಡಳು, ಕಣ್ಣುರಿಯುವುದೂ ಅವಳಿಗೆ ತಿಳಿಯಲಿಲ್ಲ. ಆಮೇಲೆ ನಡೆದದ್ದನ್ನೆಲ್ಲ ಓಣಿಯ ಮಂದಿಗೂ ಕೇಳುವಂತೆ ಅವಳೇ ಹೇಳಿದಳು. ಮುಖ್ಯವಾಗಿ, ಫಕ್ಕೀರವ್ವನ ತಪ್ಪು ಎಳ್ಳಷ್ಟೂ ಇಲ್ಲ ಎಂಬುದನ್ನು ಮೂರು ಸಲ ಹೇಳಿದಳು.

ಇಸಾಕಸಾಬ ಟೋಪಿ ತೆಗೆದು ಕಟ್ಟೆಯ ಮೇಲೆ ಕೂತ. ಜೇಬಿನಿಂದ ಖಾರದ ರೊಕ್ಕ ಎಣಿಸಿ ಪಕ್ಕದಲ್ಲಿಟ್ಟ. ಎದ್ದು ಹೋಗುವಾಗ ಕೇಳಿದ:

"ಐರಣಿ ಕೇಸಿನ ಕಳ್ಳ ಯಾರಂತ ಕೇಳಿದ್ರಲ್ಲ ಕಂಡಕ್ಟರ್ರ?"

"ಯಾರ್ರಿ?"

"ಕಂಪ್ಲೇಂಟ್ ಕೊಟ್ಟಾವನs."

ಸಿದ್ದಲಿಂಗೇಶ ಅವತ್ತು ಸಂಜೆ ಒಬ್ಬನೇ ಫಕ್ಕೀರವ್ವನ ಮನೆಗೆ ಹೋದ. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋದದ್ದೆಲ್ಲ ಅವಳ ಮುಂದೆ ನಿಂತಾಗ ಮರೆತುಹೋಯಿತು. ಕೈ ಮುಗಿದು, "ತಪ್ಪಾತು ಫಕ್ಕೀರವ್ವ. ಕಳ್ಳ ನಾನs" ಎಂದ. ಅವಳು ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ. ಅವನು ಎಷ್ಟೋ ಹೊತ್ತು ನಿಂತಿದ್ದು, ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿದಾಗ ಹಿಂದಿನಿಂದ ಮಾತು ಬಂತು: "ಅಕ್ಕಾರಿಗೆ ಹೇಳ್ರಿ, ನಾಳೆ ಲಗೂನ ಬರತೇನಿ ಅಂತ."

ಶುಕ್ರವಾರ ನಸುಕಿನಲ್ಲಿ ಅವನು ಟಿಕೆಟ್ ಚೀಲ ಹೆಗಲಿಗೆ ಹಾಕಿ, ಯಾರ ಕಣ್ಣಿಗೂ ಬೀಳದೆ ಹೋಗೋಣವೆಂದು ಹಿತ್ತಿಲ ಬಾಗಿಲು ತೆರೆದ. ಹೊಸ್ತಿಲಿಗೆ ಅಡ್ಡವಾಗಿ ಫಕ್ಕೀರವ್ವ ಕೂತಿದ್ದಳು.

"ಚೀಲ ಝಾಡಸ್ರಿ ಸಾಹೇಬ್ರ."

ಸಿದ್ದಲಿಂಗೇಶ ಹಿಂದೆ ಬಂದು ನಿಂತಿದ್ದ ಹೆಂಡತಿಯ ಮುಖ ನೋಡಿದ. ಕೊರಳಲ್ಲಿ ಬೋರಮಾಳ ಹಾಕಿಕೊಂಡಿದ್ದ ಪುಷ್ಪಲತಾ ಏನೂ ಕಾಣದವಳಂತೆ ಮಾಡಿನ ತೊಲೆ ಎಣಿಸುತ್ತಿದ್ದಳು. ತೆಪ್ಪಗೆ ಚೀಲ ಬೋರಲು ಹಾಕಿದ. ಟಿಕೆಟ್ ಕಟ್ಟು ಬಿದ್ದವು, ಸೀಟಿ ಬಿತ್ತು, ಬುತ್ತಿಡಬ್ಬಿ ಬಿತ್ತು, ಹಿಂದಿನ ವಾರ ಕತ್ತರಿಸಿಟ್ಟ ಒಂದು ದರೋಡೆಯೂ ಮಡಿಕೆಯಾಗಿ ಬಿತ್ತು. ಫಕ್ಕೀರವ್ವ ಒಂದೊಂದನ್ನೂ ಎತ್ತಿ, ತಿರುಗಿಸಿ ನೋಡಿ, ಚೀಲಕ್ಕೆ ವಾಪಸು ಹಾಕಿದಳು. ಬುತ್ತಿಡಬ್ಬಿಯನ್ನಂತೂ ಮುಚ್ಚಳ ತೆಗೆದು ಮೂಸಿ ನೋಡಿದಳು. ಕೊನೆಗೆ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು, ಬಾಗಿಲ ಚೌಕಟ್ಟನ್ನು ಅಂಗೈಯಿಂದ ಎರಡು ಸಲ ಬಡಿದಳು.

"ರೈಟ್, ರೈಟ್!"