ಅಲ್ಲಾಡಿಸಿ ನೋಡಿದ ಸಂಗೀತ

ಬಿಳಿಗೆರೆಯ ಗಂಗಾಧರಯ್ಯನವರಿಗೆ ಎರಡು ಆಸ್ತಿ. ಒಂದು, ಅಪ್ಪ ಬಿಟ್ಟುಹೋದ ತೆಂಗಿನ ತೋಟ. ಇನ್ನೊಂದು, ಇಪ್ಪತ್ತು ವರ್ಷದಿಂದ ಅವರೇ ಕೂಡಿಹಾಕಿದ ಮುನ್ನೂರ ಹನ್ನೆರಡು ಹಾಡಿನ ಸಿ.ಡಿ.ಗಳು. ತೋಟಕ್ಕೆ ಬೇಲಿಯೂ ಸರಿಯಾಗಿರಲಿಲ್ಲ. ಸಿ.ಡಿ. ಬೀರುವಿಗೆ ಮಾತ್ರ ಗಾಜಿನ ಬಾಗಿಲಿತ್ತು, ಬೀಗವಿತ್ತು, ಹಲ್ಲಿ ಬರದಂತೆ ನವಿಲುಗರಿಯೂ ಇತ್ತು. ಬೀಗದ ಕೈ ಹೆಂಡತಿ ನಿರ್ಮಲಮ್ಮನ ಸೊಂಟದಲ್ಲಿತ್ತು, ಏಕೆಂದರೆ ಗಂಗಾಧರಯ್ಯನವರು ಅದುವರೆಗೆ ಮೂರು ಬೀಗದ ಕೈಗಳನ್ನು ಬಾವಿಗೆ ಅರ್ಪಿಸಿದ್ದರು.

"ಫೋನಲ್ಲಿ ಲೋಕದ ಹಾಡೆಲ್ಲ ಬತ್ತದೆ, ಇನ್ನೂ ಯಾಕ್ರೀ ಇವು?" ಎಂದು ಯಾರಾದರೂ ಕೇಳಿದರೆ ಮುಗಿಯಿತು.

"ಫೋನಿನ ಹಾಡು ನೆಂಟರ ಮನೆ ಊಟ ಕಣಪ್ಪ. ಅವ್ರು ಬಡಿಸಿದ್ರೆ ಉಂಟು, ಬಾಗ್ಲು ಹಾಕ್ಕೊಂಡ್ರೆ ಇಲ್ಲ. ಇದು ನಮ್ಮನೆ ಕಣಜ. ನೋಡು, ಕೊಳಲು ಯಾರ್ದು, ತಬಲ ಯಾರ್ದು ಅಂತ ಪುಸ್ತಕ ಬೇರೆ ಮಾಡಿ ಇಟ್ಟವ್ರೆ. ಕೈಗೆ ಸಿಗೋ ಸಂಗೀತ ಇದು!"

ಕೈಗೆ ಸಿಗುತ್ತಿತ್ತು, ನಿಜ. ಕಿವಿಗೆ ಸಿಗುತ್ತಿರಲಿಲ್ಲ. ಹಾಕಿದರೆ ಗೀರು ಬೀಳುತ್ತದೆ, ಮುಚ್ಚಳ ತೆರೆದರೆ ಧೂಳು ಕೂರುತ್ತದೆ ಎಂದು ಅವರು ಡಬ್ಬಿ ತೆರೆಯುವುದನ್ನೇ ಬಿಟ್ಟಿದ್ದರು. ಹಾಡು ಕೇಳಬೇಕೆನಿಸಿದಾಗ ತೋಟಕ್ಕೆ ಹೋಗಿ ಅದೇ ಹಾಡನ್ನು ಫೋನಿನಲ್ಲಿ ಕೇಳುತ್ತಿದ್ದರು. (ಇದು ನಿಮ್ಮಲ್ಲೇ ಇರಲಿ.)

ಪ್ರತಿ ಭಾನುವಾರ ಮಾತ್ರ ಮಹಾಸೇವೆ. ಸ್ನಾನ ಮಾಡಿ, ಒಂದೊಂದೇ ಡಬ್ಬಿ ತೆಗೆದು, ಹಳೆಯ ಬನಿಯನ್ನಿನಲ್ಲಿ ಒರೆಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ನಮ್ಮ ಕಡೆ ಹೀಗೇ ನೋಡುತ್ತಾರೆ; ಒಳಗೆ ಗಲಗಲ ಎಂದರೆ ಕೊಬ್ಬರಿ ಸಿದ್ಧ. ಕಾಯಿಗೆ ಆಗುವ ನ್ಯಾಯ ಸಿ.ಡಿ.ಗೂ ಆಗಬೇಕಲ್ಲವೇ? ಎರಡು ವರ್ಷದಿಂದಂತೂ ಸದ್ದು ಮೊದಲಿಗಿಂತ ಕಳೆಗಟ್ಟಿತ್ತು. ಇಟ್ಟಷ್ಟೂ ಸಂಗೀತ ಮಾಗುತ್ತದೆ ಎಂಬ ಸಿದ್ಧಾಂತಕ್ಕೆ ಅವರು ಬಂದಿದ್ದರು.

ಹೀಗಿರುವಾಗ ತಿಪಟೂರಿನಿಂದ ಸುದ್ದಿ ಬಂತು. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿ, ಸಿ.ಡಿ. ಮಾರಿದ ಮಹಮ್ಮದ್ ಇಸ್ಮಾಯಿಲ್ ಸಾಬರು ಅಂಗಡಿಯನ್ನು ಮಗನ ಟೈಲರಿಂಗಿಗೆ ಬಿಟ್ಟುಕೊಡುತ್ತಿದ್ದರು. ಮಾರದೆ ತಮಗೆಂದೇ ಉಳಿಸಿಕೊಂಡ ತೊಂಬತ್ತು ಸಿ.ಡಿ.ಗಳ ಪೆಟ್ಟಿಗೆಯೊಂದಿತ್ತು. "ಅದು ಮನೆಯೊಳಗೆ ಬಂದ್ರೆ ನಾನು ಹೊರಗೆ" ಎಂದು ಅವರ ಬೇಗಂ ತೀರ್ಪು ಕೊಟ್ಟಾಗಿತ್ತು.

"ಮಾರೋದಿಲ್ಲ ಸ್ವಾಮಿ, ಮಗಳನ್ನ ಕೊಟ್ಟಂಗೆ ಕೊಡ್ತೀನಿ" ಎಂದರು ಸಾಬರು ಫೋನಿನಲ್ಲಿ. "ಮನೆ ನೋಡ್ಬೇಕು. ನಿಮ್ಮನೆ ಒಪ್ಪಿಗೆ ಆಗ್ದಿದ್ರೆ ಹಾಲ್ಕುರಿಕೆ ಸಣ್ಣತಿಮ್ಮಯ್ಯನೋರು ಕಾಯ್ತಾ ಅವ್ರೆ."

ತಮ್ಮಂತೆಯೇ ಸಿ.ಡಿ. ಕೂಡಿಹಾಕುವ ಆ ಸಣ್ಣತಿಮ್ಮಯ್ಯನ ಹೆಸರು ಕೇಳಿಯೇ ಗಂಗಾಧರಯ್ಯನವರಿಗೆ ಊಟ ಸೇರದಾಯಿತು. ಪೆಟ್ಟಿಗೆ ಹಾಲ್ಕುರಿಕೆಗೆ ಹೋದರೆ ತಾಲ್ಲೂಕಿನಲ್ಲಿ ತಲೆಯೆತ್ತಿ ತಿರುಗುವುದುಂಟೇ?

ಬುಧವಾರ ಬೆಳಗ್ಗೆ ಸಾಬರು ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಸ್ಸಿಳಿದರು. ಉಪ್ಪಿಟ್ಟಾಯಿತು, ಕಾಫಿಯಾಯಿತು. ಗಂಗಾಧರಯ್ಯನವರು ಬೀರು ತೆರೆದು, ಒಂದು ಡಬ್ಬಿಯನ್ನು ಸಾಬರ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಕೇಳಿ ಸಾಬ್ರೇ, ಏನು ನಾದ!"

ಸಾಬರ ಮುಖ ಇಳಿಯಿತು. "ಸಿ.ಡಿ. ಸದ್ದು ಮಾಡಬಾರ್ದು ಸ್ವಾಮಿ. ಮಾಡಿದ್ರೆ ಒಡೆದಿರ್ತದೆ. ತೆಗೀರಿ ನೋಡಾನ."

ತೆಗೆದರು. ಸೌತೆ ಬೀಜ ನೆಲದ ತುಂಬಾ ಚೆಲ್ಲಿತು. ಗಾಬರಿಯಲ್ಲಿ ಇನ್ನೊಂದು ತೆರೆದರು, ಭಕ್ತಿಗೀತೆಯಲ್ಲಿ ಕುಂಬಳದ ಬೀಜ. ಭಾವಗೀತೆಯಲ್ಲಿ ಹೀರೆ.

"ಲೇ ನಿರ್ಮಲಾ!"

ನಿರ್ಮಲಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದರು. "ಅಯ್ಯೋ, ಬೀಜ ಚೆಲ್ಲಿಬುಟ್ರಾ? ಎರಡು ವರ್ಷದಿಂದ ಒಂದು ಇರುವೆ ಮುಟ್ಟಿರ್ಲಿಲ್ಲ ಕಣ್ರೀ!"

"ನನ್ನ ಸಿ.ಡಿ. ಎಲ್ಲೇ? ತಿಪ್ಪೆಗೆ ಹಾಕ್ದಾ?"

"ಹಾಡನ್ನ ಯಾರಾದ್ರೂ ತಿಪ್ಪೆಗೆ ಹಾಕ್ತಾರಾ? ಅಡುಗೆಮನೇಲವೆ, ಬನ್ನಿ."

ಸಾಬರು ಆಗಲೇ ಪೆಟ್ಟಿಗೆಯೊಂದಿಗೆ ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟಿದ್ದರು. ಗಂಗಾಧರಯ್ಯನವರು ಅವರ ತೋಳು ಹಿಡಿದುಕೊಂಡೇ ಒಳಗೆ ಹೋದರು. ಅವರು ಎಂದೋ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದ ಸಿ.ಡಿ. ಪ್ಲೇಯರು ಈಗ ಕಾಫಿಪುಡಿ ಡಬ್ಬದ ಪಕ್ಕ ರಾಜನಂತೆ ಕೂತಿತ್ತು. ಅದರ ಕೆಳಗೆ, ಹಳೆಯ ರೇಷ್ಮೆ ಸೀರೆ ಕತ್ತರಿಸಿ ಹೊಲಿದ ಪುಟ್ಟ ಚೀಲಗಳಲ್ಲಿ ಮುನ್ನೂರ ಹನ್ನೆರಡೂ ಇದ್ದವು.

"ಇವ್ರು ತೋಟಕ್ಕೆ ಹೋದ್ಮೇಲೆ ದಿನಾ ಮೂರು ಕೇಳ್ತೀನಿ ಸಾಬ್ರೇ" ಎಂದರು ನಿರ್ಮಲಮ್ಮ. "ಡಬ್ಬಿ ಸುಮ್ನೆ ಖಾಲಿ ಇರ್ತಿದ್ವು, ಬೀಜ ತುಂಬ್ದೆ."

ಸಾಬರು ಒಂದು ಚೀಲದಿಂದ ಸಿ.ಡಿ. ತೆಗೆದು ಬೆಳಕಿಗೆ ಹಿಡಿದರು. ಒಂದೂ ಗೀರಿಲ್ಲ. ಪರೀಕ್ಷೆಗೆಂದು ಯಾವುದೋ ರಾಗವನ್ನು ಎರಡು ಸಾಲು ಗುನುಗಿದರು.

"ಹಸಿರು ಚೀಲ, ನಾಕನೇ ಹಾಡು" ಎಂದರು ನಿರ್ಮಲಮ್ಮ ಒಗ್ಗರಣೆ ಹಾಕುತ್ತಲೇ. "ಕೊನೇಲಿ ಕೊಳಲಿನವ್ರು ಉಸಿರು ಎಳ್ಕೊಳ್ಳೋದೂ ಕೇಳ್ತದೆ."

"ಯಾ ಅಲ್ಲಾ! ಅದನ್ನ ಕೇಳಿಸ್ಕೊಂಡೋನು ನಾನೊಬ್ನೇ ಅನ್ಕೊಂಡಿದ್ದೆ ತಂಗೀ!"

ಹಾಡು ಹಾಕಿದರು. ಗಂಗಾಧರಯ್ಯನವರು ನಿಂತಲ್ಲೇ ನಿಂತರು. ಇಷ್ಟು ವರ್ಷ ತಾವು ಒರೆಸಿದ ಡಬ್ಬಿಯೊಳಗೆ ಇದು ಇತ್ತೇ ಎಂದು ಅವರಿಗೆ ಮೈ ಜುಮ್ಮೆಂದಿತು. ಕೋಪ ಮಾಡಿಕೊಳ್ಳಬೇಕೆಂದಿದ್ದುದು ಮರೆತೇಹೋಯಿತು.

ಹಾಡು ಮುಗಿದಾಗ ಸಾಬರು ಪೆಟ್ಟಿಗೆ ಎತ್ತಿಕೊಂಡರು. ಗಂಗಾಧರಯ್ಯನವರು ಎರಡೂ ಕೈ ಚಾಚಿದರು. ಪೆಟ್ಟಿಗೆ ಆ ಕೈಗಳನ್ನು ದಾಟಿ ನಿರ್ಮಲಮ್ಮನ ಮಡಿಲಿಗೆ ಹೋಯಿತು.

"ನನ್ ಮಗಳಿಗೆ ಮನೆ ಸಿಕ್ತು ತಂಗೀ."

"ನಂಗೇನೂ ಇಲ್ವಾ ಸಾಬ್ರೇ?"

"ಯಾಕಿಲ್ಲ?" ಎಂದರು ನಿರ್ಮಲಮ್ಮ. "ಇನ್ನು ತೊಂಬತ್ತು ಡಬ್ಬಿ ಖಾಲಿ ಆಗ್ತವೆ, ಒರೆಸಿ ಇಟ್ಕಳಿ. ಮೆಣಸಿನ ಬೀಜ ಹಂಗೇ ಬಿದ್ದದೆ."

ಸಾಬರೂ ನಿರ್ಮಲಮ್ಮನೂ ಮಣೆ ಹಾಕಿಕೊಂಡು ಕೂತರು. ಪೆಟ್ಟಿಗೆಯಿಂದ ಮೊದಲ ಸಿ.ಡಿ. ಹೊರಬಂತು, ಹಾಡು ಶುರುವಾಯಿತು, ತಿಪಟೂರಿನ ಬಸ್ಸು ಹೋಯಿತು, ಮತ್ತೊಂದೂ ಹೋಯಿತು. ಸಾಬರು ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದರು:

"ಗಂಗಾಧರಯ್ಯನೋರೇ, ಇನ್ನೊಂದು ಲೋಟ ಕಾಫಿ ನೀವೇ ಮಾಡಿಬುಡಿ. ತಂಗಿ ಹಾಡು ಕೇಳ್ತಾ ಅವ್ರೆ, ಎಬ್ಬಿಸ್ಬ್ಯಾಡಿ."

ಗಂಗಾಧರಯ್ಯನವರು ಒಲೆಯ ಮುಂದೆ ನಿಂತರು. ಹಾಡು ಎಷ್ಟು ಚೆನ್ನಾಗಿತ್ತೆಂದರೆ, ಹಾಲು ಉಕ್ಕಿದ್ದು ಮೂವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ.