ಶುಕ್ರವಾರದ ಹೆಪ್ಪು

ಶೇಷಗಿರಿ ಬೆಳಗ್ಗೆ ಎದ್ದು ಅವಲಕ್ಕಿಗೆ ಮೊಸರು ಕಲಸಿಕೊಂಡು ತಿಂದ. ತಿಂದವನು ಸುಮ್ಮನಿರಬಾರದೆ? ಮನೆಗೆ ಅತ್ತೆ ಬರುವ ದಿನವಲ್ಲವೇ ಎಂದು ಮೊಸರಿದ್ದ ಬಟ್ಟಲನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ರೀ, ಹಾಲು ಕಾಯ್ಸಿ ಹೆಪ್ಪು ಹಾಕಿದ್ರಾ?" ಹೆಂಡತಿ ನಿರುಪಮಾ ಆಫೀಸಿನಿಂದ ಕೇಳಿದಳು. "ಫ್ರಿಜ್ಜಲ್ಲಿ ಸಣ್ಣ ಸ್ಟೀಲ್ ಬಟ್ಟಲಲ್ಲಿದೆ. ಅಷ್ಟೇ ಇರೋದು, ಹುಷಾರು!"

ಶೇಷಗಿರಿ ಸಿಂಕಿನ ಪಕ್ಕದಲ್ಲಿ ಥಳಥಳ ಹೊಳೆಯುತ್ತಿದ್ದ ಸಣ್ಣ ಸ್ಟೀಲ್ ಬಟ್ಟಲನ್ನು ನೋಡಿದ. ಬೆರಳಿನಿಂದ ಅದರ ಒಳಗನ್ನು ಸವರಿ ನೋಡಿದ; ಒಂದು ಹನಿ ಮೊಸರೂ ಅಂಟಲಿಲ್ಲ.

"ಹಾಕ್ತಾ ಇದೀನಿ ಕಣೇ," ಎಂದ.

ಸ್ಯಾನ್ ಫ್ರಾನ್ಸಿಸ್ಕೋಗೆ ಜನ ಎಲ್ಲೆಲ್ಲಿಂದಲೋ ಕುಡಿದು ಕುಣಿಯಲು ಬರುತ್ತಾರೆ. ಶೇಷಗಿರಿಯ ಬೀದಿಯ ತುಂಬ ಕುಣಿತದ ಕ್ಲಬ್ಬುಗಳೇ. ಅವನ ಅಪಾರ್ಟ್‌ಮೆಂಟಿನ ಕೆಳಗೇ ನಿಕೋ ಎಂಬ ಗ್ರೀಕನದೊಂದು ಇತ್ತು. ಆದರೆ ವರ್ಷಗಟ್ಟಲೆ ಅಲ್ಲಿ ಬಾಳಿದ ಶೇಷಗಿರಿಗೆ ಕುಣಿತದ ಗೊಡವೆ ಎಲ್ಲಿಯದು? ಕರಿಬೇವು ಯಾರ ಮನೆಯಲ್ಲಿದೆ, ಮೈಸೂರಿಗೆ ಟ್ರಂಕ್ ಕಾಲ್ ಸಿಗುತ್ತದೋ ಇಲ್ಲವೋ, ಈ ಹಾಳು ಮಂಜಿನಲ್ಲಿ ಮೊಸರು ಹೆಪ್ಪಾಗುತ್ತದೋ ಇಲ್ಲವೋ, ಇವೇ ಅವನ ಚಿಂತೆಗಳು.

ಮೊಸರೆಂದರೆ ಅದೇನು ಸಾಮಾನ್ಯ ಮೊಸರೇ? ಮದುವೆಯಾಗಿ ಬರುವಾಗ ನಿರುಪಮಾ ತವರಿನ ಹೆಪ್ಪನ್ನು ಬಿಳಿ ಬಟ್ಟೆಗೆ ಸವರಿ, ಒಣಗಿಸಿ, ಸೀರೆಗಳ ನಡುವೆ ಇಟ್ಟುಕೊಂಡು ತಂದಿದ್ದಳು. ಅವಳ ಅಜ್ಜಿಯ ಕಾಲದ್ದು. ಚಳಿ ಹೆಚ್ಚಾದರೆ ಗಂಡನ ಸ್ವೆಟರು ಬಿಚ್ಚಿಸಿ ಮೊಸರಿನ ಪಾತ್ರೆಗೆ ತೊಡಿಸುತ್ತಿದ್ದಳು. ಅತ್ತೆ ವೇದವತಮ್ಮನವರಂತೂ ಫೋನಿನಲ್ಲಿ ಮೊದಲು "ಹೆಪ್ಪು ಹೇಗಿದೆ?" ಎಂದು ಕೇಳಿ, ಆಮೇಲೆ ಅಳಿಯನ ಆರೋಗ್ಯ ವಿಚಾರಿಸುತ್ತಿದ್ದರು. ಆ ವೇದವತಮ್ಮ ಇವತ್ತು ಸಂಜೆಯ ವಿಮಾನಕ್ಕೆ ಬಂದಿಳಿಯುವವರು. ನಿರುಪಮಾ ಗೆಳತಿಯ ಕಾರಿನಲ್ಲಿ ಆಫೀಸಿನಿಂದ ಸೀದಾ ಏರ್‌ಪೋರ್ಟಿಗೆ ಹೋಗುವುದು, ರಜಾ ಹಾಕಿದ ಶೇಷಗಿರಿ ಅನ್ನ, ಸಾರು, ಮೊಸರು ಮಾಡಿಡುವುದು ಎಂದು ಮಾತಾಗಿತ್ತು.

ಅಂಗಡಿಯ ಮೊಸರು ತಂದಿಟ್ಟರೆ? ಅದನ್ನು ನಿರುಪಮಾ ವಾಸನೆಯಲ್ಲೇ ಹಿಡಿಯುತ್ತಾಳೆ. ಶೇಷಗಿರಿ ಅಂಗಿ ತೋಳು ಮಡಚಿದ. "ಸತ್ತರೂ ಸರಿ, ಸಂಜೆಯೊಳಗೆ ಅದೇ ಹೆಪ್ಪು ತಂದೇ ತರ್ತೀನಿ," ಎಂದು ಒಲೆಗೆ ಹೇಳಿದ. ನಿರುಪಮಾ ಗುರುತಿನವರಿಗೆಲ್ಲ ಹೆಪ್ಪು ಹಂಚಿದ್ದಳಲ್ಲ, ಅದೇ ಅವನ ಧೈರ್ಯ.

ಹಳೇ ಕಾರು ಏರಿ ಮೊದಲು ಮೌಂಟನ್ ವ್ಯೂನ ಜಯರಾಮನ ಮನೆಗೆ ಓಡಿದ. ಜಯರಾಮನ ಹೆಂಡತಿ ರಮಾ ಅರಿಶಿನ ಕುಂಕುಮ ಇಟ್ಟುಕೊಂಡು ಹೊಸಿಲು ತೊಳೆಯುತ್ತಿದ್ದಳು.

"ಅಯ್ಯೋ ಶೇಷಗಿರಿಯವ್ರೇ, ಇವತ್ತು ಶುಕ್ರವಾರ! ಶುಕ್ರವಾರ ಯಾರಾದ್ರೂ ಹೆಪ್ಪು ಆಚೆ ಕೊಡ್ತಾರಾ? ಲಕ್ಷ್ಮೀನೇ ಹೊರಟ್ಹೋಗ್ತಾಳೆ."

"ಅಮೆರಿಕದಲ್ಲೂನಾ ರಮಾ ಅವ್ರೇ?"

"ಅಮೆರಿಕದಲ್ಲಿ ಶುಕ್ರವಾರ ಬರಲ್ವಾ? ನಾಳೆ ಬೆಳಗ್ಗೆ ಬನ್ನಿ, ಡಬ್ಬಿ ತುಂಬ ಕೊಡ್ತೀನಿ."

"ನಾಳೆ ಅಷ್ಟೊತ್ತಿಗೆ ನಾನೇ ಮನೆ ಆಚೆ ಇರ್ತೀನಿ!"

ಒಳಗಿಂದ ಜಯರಾಮ ಇಣುಕಿ, "ಲೋ, ಬಂಗಾರೆವ್ವನ ಹತ್ರ ಹೋಗು, ಹೇವರ್ಡ್‌ಗೆ. ಆಯಮ್ಮ ಯಾವುದಕ್ಕೂ ದಾರಿ ಹುಡುಕ್ತಾರೆ. ನಾನು ಫೋನ್ ಮಾಡಿ ನೀನು ಬರ್ತಿರೋದು ಹೇಳಿಡ್ತೀನಿ," ಎಂದ. ರಮಾ ಕೂಡ, "ಯಾರಿಗೂ ಹೇಳಲ್ಲ ಬಿಡಿ, ನನ್ನ ಹೊಟ್ಟೇಲೇ ಇರುತ್ತೆ," ಎಂದು ಭರವಸೆ ಕೊಟ್ಟಳು.

ಅವನು ಹೇವರ್ಡ್ ಮುಟ್ಟುವಷ್ಟರಲ್ಲಿ ಬಂಗಾರೆವ್ವ ಬಾಗಿಲಲ್ಲೇ ನಿಂತಿದ್ದರು. ಅವರು ಇಂಜಿನಿಯರ್ ಮಲ್ಲಪ್ಪನ ತಾಯಿ, ಧಾರವಾಡ ಕಡೆಯವರು.

"ಬಾ ತಮ್ಮಾ. ಹೆಪ್ಪ ತಿಂದ್ ಬಟ್ಟಲಾನೂ ತೊಳದ್ಯಂತಲ್ಲ! ರಮಾ ಎಲ್ಲಾ ಹೇಳ್ಯಾಳ."

"ಕೊಡ್ತೀರಾ ಅಜ್ಜಿ?"

"ಶುಕ್ರವಾರ ಕೈಯೆತ್ತಿ ಕೊಡಾಂಗಿಲ್ಲ. ಆದ್ರ ನೀ ಕದ್ದಕೊಂಡ ಒಯ್ದ್ರ ನಾ ಏನ್ ಮಾಡಾಕ ಬರ್ತದ?"

ಎಂದವರೇ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಹುಟ್ಟಿದಾಗಿನಿಂದ ಒಂದು ಪೆನ್ಸಿಲನ್ನೂ ಕದಿಯದ ಶೇಷಗಿರಿ ಬೆಕ್ಕಿನಂತೆ ಹೆಜ್ಜೆಯಿಡುತ್ತ ಫ್ರಿಜ್ಜು ತೆರೆದ.

"ಅದಲ್ಲೋ, ಅದು ದ್ವಾಸಿ ಹಿಟ್ಟ!" ಗೋಡೆಯ ಕಡೆಯಿಂದ ಗದರಿಕೆ ಬಂತು. "ಎಡಕ್ಕ ನೋಡ, ಕೆಳಗ. ಹಾಂ. ಲಗೂ ಕದಿ, ನನ್ನ ಕುತ್ತಿಗಿ ನೋಯಾಕತ್ತೇತಿ. ಉಳದದ್ದೆಲ್ಲಾ ಮಜ್ಜಗಿ ಮಾಡೇನಿ, ಅದೊಂದ ಬಟ್ಟಲ ಐತಿ. ಚೆಲ್ಲಿಗಿಲ್ಲಿಯಪಾ ಮತ್ತ!"

ಬಟ್ಟಲನ್ನು ತೊಡೆಗಳ ನಡುವೆ ಇಟ್ಟುಕೊಂಡು, ಮುಚ್ಚಳವಿಲ್ಲದ್ದಕ್ಕೆ ಕರವಸ್ತ್ರ ಮುಚ್ಚಿಕೊಂಡು, ಎತ್ತಿನ ಗಾಡಿಯಂತೆ ನಿಧಾನಕ್ಕೆ ಕಾರು ಬಿಟ್ಟ. ಹಿಂದಿನವರು ಹಾರ್ನು ಹೊಡೆದರು, ಬೈದರು. ಬೈದುಕೊಳ್ಳಲಿ, ಅವರ ಅತ್ತೆ ಬರುತ್ತಿಲ್ಲವಲ್ಲ ಎಂದುಕೊಂಡ. ಸೇತುವೆಯ ಸುಂಕದ ಕಟ್ಟೆಯ ಮುಂದೆ ನಿಂತು ಚಿಲ್ಲರೆಗೆಂದು ಪ್ಯಾಂಟಿನ ಜೇಬಿಗೆ ಕೈ ಹಾಕಿದ್ದಷ್ಟೇ. ತೊಡೆ ಎತ್ತಿತು, ಬಟ್ಟಲು ಮಗುಚಿತು. ಸುಂಕದವಳು ಅವನ ಮಡಿಲು ನೋಡಿ, ಕೊಟ್ಟ ನಾಣ್ಯವನ್ನೂ ನೋಡಿ, ಎರಡು ಬೆರಳಲ್ಲಿ ಎತ್ತಿಕೊಂಡಳು.

ಶೇಷಗಿರಿಗೆ ಅಲ್ಲೇ ಅಳು ಬಂತು. ಹೆದರಿಕೆಗಲ್ಲ. ಆ ಹೆಪ್ಪಿಗಾಗಿ ಪರದೇಶದಲ್ಲಿ ನಿರುಪಮಾ ಪಟ್ಟ ಪಾಡು ನೆನೆದು ಕರುಳು ಚುರುಕ್ ಎಂದಿತು. "ಇಲ್ಲ, ಇಷ್ಟಕ್ಕೆ ಬಿಡಲ್ಲ," ಎಂದು ಮೂಗೊರೆಸಿಕೊಂಡು ಮನೆ ಕಡೆ ಹೊರಟ.

ಮನೆ ಮುಂದೆ ನಿಕೋ ಕ್ಲಬ್ಬಿನ ಮೆಟ್ಟಿಲು ತೊಳೆಯುತ್ತಿದ್ದ. ಶೇಷಗಿರಿಯ ಪ್ಯಾಂಟು ನೋಡಿ, ಬಗ್ಗಿ, ಮೂಸಿ ನೋಡಿ, "ಮೊಸರು! ಮನೆಯಲ್ಲಿ ಮಾಡಿದ್ದು!" ಎಂದ.

ಶೇಷಗಿರಿ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟ. ನಿಕೋ ಎದೆ ಮುಟ್ಟಿಕೊಂಡ.

"ನನ್ನಮ್ಮನೂ ಊರಿಂದ ಹಡಗಿನಲ್ಲಿ ಹೆಪ್ಪು ತಂದಳು ಮಾರಾಯ, ಮಡಿಲಲ್ಲಿಟ್ಟುಕೊಂಡು. ಇವತ್ತಿಗೂ ಸಾಯಿಸಿಲ್ಲ ನಾನು. ಬಾ!"

ಅಷ್ಟು ವರ್ಷಗಳಲ್ಲಿ ಕಾಲಿಡದ ಕ್ಲಬ್ಬಿನೊಳಕ್ಕೆ ಶೇಷಗಿರಿ ಕಾಲಿಟ್ಟ. ಅಡುಗೆಮನೆಯಲ್ಲಿ ಇಡೀ ಕುರಿಯೊಂದು ತಲೆಕೆಳಗಾಗಿ ತೂಗುತ್ತಿತ್ತು. ಅದರ ಕೆಳಗೆ ಮಣ್ಣಿನ ಕುಡಿಕೆಯಲ್ಲಿ ಮೊಸರು, ಚಾಕುವಿನಲ್ಲಿ ಕತ್ತರಿಸುವ ಹಾಗೆ ಗಟ್ಟಿ. ನಿಕೋ ಒಂದು ಲೋಟ ತುಂಬಿಸಿ ಕೊಟ್ಟ. ಶುಕ್ರವಾರವೋ ಭಾನುವಾರವೋ ಕೇಳಲಿಲ್ಲ. ಶೇಷಗಿರಿ ಕುರಿಯ ಕಡೆ ನೋಡದೆ ಲೋಟ ಹಿಡಿದು ಮೇಲಕ್ಕೋಡಿದ.

ಹಾಲು ಕಾಯಿಸಿದ, ಹೆಪ್ಪು ಹಾಕಿದ, ಪಾತ್ರೆಗೆ ಸ್ವೆಟರು ತೊಡಿಸಿ ಬೆಚ್ಚಗಿನ ಓವನ್ನಿನಲ್ಲಿಟ್ಟು ಎದುರಿಗೆ ಕೂತ. ಕತ್ತಲಾಗುವಷ್ಟರಲ್ಲಿ ಮೊಸರು ಹೆಪ್ಪಾಯಿತು. ಅತ್ತೆಯೂ ಬಂದರು.

ವೇದವತಮ್ಮ ಸ್ನಾನ ಮುಗಿಸಿ ಊಟಕ್ಕೆ ಕೂತರು. ಸಾರನ್ನ ಮುಗಿಸಿದರು. ಮೊಸರನ್ನದ ಮೊದಲ ತುತ್ತು ಬಾಯಿಗಿಟ್ಟವರು ಅಗಿಯುವುದನ್ನೇ ನಿಲ್ಲಿಸಿದರು. ಮುದುಕಿಯ ಕಣ್ಣಲ್ಲಿ ಬಳಬಳ ನೀರು.

"ನಿರೂ, ಇದೇ ಕಣೇ! ನಮ್ಮತ್ತೆ ಹಾಕ್ತಿದ್ದ ಮೊಸರು!"

ನಿರುಪಮಾ ತಾನೂ ರುಚಿ ನೋಡಿ, "ಹೌದಮ್ಮಾ, ಇಷ್ಟು ಗಟ್ಟಿ ನನ್ನ ಕೈಲೂ ಬರ್ತಿರ್ಲಿಲ್ಲ," ಎಂದು ಗಂಡನನ್ನು ಹೆಮ್ಮೆಯಿಂದ ನೋಡಿದಳು. ಶೇಷಗಿರಿ ಗೆದ್ದೆ ಎಂದುಕೊಂಡ.

"ನಿಮಗೊಂದು ವಿಷಯ ಹೇಳ್ಬೇಕು," ಎಂದು ವೇದವತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೋದ ಬೇಸಿಗೇಲಿ ನಾನು ಯಾತ್ರೆಗೆ ಹೋಗಿದ್ದಾಗ ಮನೇಲಿ ನಮ್ಮ ಹೆಪ್ಪು ಕೆಟ್ಟೋಯ್ತು. ನಾಚಿಕೆಗೆ ಯಾರಿಗೂ ಹೇಳಿಲ್ಲ. ಈ ವಯಸ್ಸಲ್ಲಿ ವಿಮಾನ ಹತ್ತಿ ಯಾಕೆ ಬಂದೆ ಅಂದ್ಕೊಂಡ್ರಿ? ಊರು ನೋಡೋಕಾ? ಈ ಹೆಪ್ಪು ವಾಪಸ್ ಊರಿಗೆ ತಗೊಂಡು ಹೋಗೋಕೆ. ಮಠದ ನೈವೇದ್ಯಕ್ಕೆ ನಮ್ಮನೆ ಮೊಸರೇ ಕೊಡ್ತೀನಿ ಅಂತ ಆನಂದತೀರ್ಥಾಚಾರ್ರಿಗೆ ಮಾತು ಕೊಟ್ಟುಬಿಟ್ಟಿದೀನಿ."

ಶೇಷಗಿರಿಯ ಕಣ್ಣ ಮುಂದೆ ತೂಗುತ್ತಿದ್ದ ಕುರಿ ಬಂತು, ಮಠವೂ ಬಂತು. "ಅತ್ತೆ, ಅದು... ಆ ಹೆಪ್ಪು..." ಎಂದು ಬಾಯಿ ತೆರೆದ.

"ಏನೂ ಹೇಳ್ಬೇಡಿ! ಇದು ನಿಮ್ಮ ಕೈಗುಣ, ನನಗೆ ಗೊತ್ತಾಯ್ತು. ನಾನು ಹೊರಡೋವರೆಗೂ ಬೇರೆ ಯಾರೂ ಇದನ್ನ ಮುಟ್ಟಕೂಡದು, ನೀವೇ ಹಾಕ್ಬೇಕು. ಆದ್ರೆ ಮಠಕ್ಕೆ ಹೋಗೋದು, ಮೈಲಿಗೆ ಆಗ್ಬಾರ್ದು. ನಾಳೆಯಿಂದ ಬೆಳಗ್ಗೆ ತಣ್ಣೀರು ಸ್ನಾನ ಮಾಡಿ, ಒದ್ದೆ ಪಂಚೇಲೇ ಹಾಕಿ."

"ಅಮ್ಮ ಇರೋದು ಆರು ತಿಂಗಳು ತಾನೇ ರೀ," ಎಂದಳು ನಿರುಪಮಾ.

ಮರುದಿನ ಬೆಳಗ್ಗೆ ಸ್ಯಾನ್ ಫ್ರಾನ್ಸಿಸ್ಕೋದ ಮಂಜು ಕಿಟಕಿಗೆ ಒತ್ತಿಕೊಂಡಿತ್ತು. ಶೇಷಗಿರಿ ಒದ್ದೆ ಪಂಚೆಯಲ್ಲಿ ಗಡಗಡ ನಡುಗುತ್ತ, ನಿಕೋನ ಹೆಪ್ಪಿಗೆ ಮೈಲಿಗೆಯಾಗದಂತೆ ಕಾವಲು ನಿಂತಿದ್ದ.